ಹಾಕಬೇಡಿ ಅಂದ ಬಾಗಿಲು

ಬಸ್ಸಿನ ಬಾಗಿಲಲ್ಲಿ ಇಪ್ಪತ್ತೊಂಬತ್ತು ವರ್ಷ ನಿಂತವಳಿಗೆ ಬಾಗಿಲಿನ ವಿಷಯದಲ್ಲಿ ಬುದ್ಧಿ ಹೇಳಲು ಹೋಗುವವರು ಸ್ವಲ್ಪ ಹಿಂದುಮುಂದು ನೋಡಬೇಕು. ರೈಟಮ್ಮನ ಮನೆ ಕಟ್ಟುತ್ತಿದ್ದ ಮೇಸ್ತ್ರಿ ನೋಡಲಿಲ್ಲ, ಅನುಭವಿಸಿದ.

ರೈಟಮ್ಮ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ ಎಂದು ಬೇರೆ ಹೇಳಬೇಕೇ? ಅವಳು ಬಸ್ ಕಂಡಕ್ಟರ್. ಬಸ್ಸು ಹೊರಡಿಸಲು ಅವಳು ಕೂಗುವ 'ರೈಟ್!' ಹಿಂದಿನ ಬಸ್ಸಿನ ಡ್ರೈವರನ ಕಿವಿಗೂ ಬಿದ್ದು, ಅವನೂ ಗೇರು ಹಾಕಿ ಹೊರಟುಬಿಡುತ್ತಿದ್ದನಂತೆ. ಎಷ್ಟು ನಿಜವೋ ನಾ ಕಾಣೆ, ಹೆಸರಂತೂ ಅಂಟಿಕೊಂಡಿತು. ಆಳು ಗಿಡ್ಡ, ದನಿ ಮಾತ್ರ ಏಳಡಿ. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಇನ್ನೂ ಹನ್ನೆರಡು ಜನರನ್ನು ತುಂಬಿ, ಅವರೆಲ್ಲರ ಕೈಲಿ ನಗುನಗುತ್ತಾ ಟಿಕೆಟ್ ತೆಗೆಸುವ ಗಟ್ಟಿಗಿತ್ತಿ. ಗಂಡ ತೀರಿಕೊಂಡು ಹದಿನಾರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅಯ್ಯೋ ಪಾಪ ಎಂದು ಯಾರಾದರೂ ಶುರು ಮಾಡಿದರೆ, "ಪಾಪ ಅನ್ನೋರು ಸೀಟು ಬಿಟ್ಟುಕೊಡ್ತೀರಾ? ಇಲ್ಲ ತಾನೇ? ಹಾಗಾದ್ರೆ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ" ಅನ್ನುವಳು.

ಅವಳ ಜೊತೆಗಿದ್ದವಳು ಒಡಹುಟ್ಟಿದ ಅಕ್ಕ. ಅಕ್ಕ ಅಚ್ಚುಕೂಟವೊಂದಕ್ಕೆ ಪ್ರೂಫ್ ತಿದ್ದುವವಳು. ಔಷಧಿ ಡಬ್ಬಿಯ ಮೇಲಿನ ಚೀಟಿ ಓದಿದರೂ ಕೈ ಕೆಂಪು ಪೆನ್ನಿಗೆ ಹೋಗುತ್ತಿತ್ತು. ಹನ್ನೊಂದು ವರ್ಷದ ಹಿಂದೆ ಬೆನ್ನುಹುರಿಗೆ ಏನೋ ಆಗಿ, ಆಪರೇಷನ್ನೂ ಆಗಿ, ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಅಂದಿನಿಂದ ಗಾಲಿಕುರ್ಚಿ. ಕೆಲಸ ಬಿಡಲಿಲ್ಲ, ಅಚ್ಚುಕೂಟದವರೇ ಹಾಳೆಗಳನ್ನು ಮನೆಗೆ ಕಳಿಸುತ್ತಿದ್ದರು. ಕುರ್ಚಿ ತಳ್ಳಿ ತಳ್ಳಿ ತೋಳು ಮಾತ್ರ ಪೈಲ್ವಾನರಂತೆ ಗಟ್ಟಿಯಾಗಿದ್ದವು.

ಇಬ್ಬರೂ ಇದ್ದ ಬಾಡಿಗೆ ಮನೆಯ ಬಚ್ಚಲ ಬಾಗಿಲು ಎಷ್ಟು ಇಕ್ಕಟ್ಟೆಂದರೆ, ಗಾಲಿಕುರ್ಚಿಯ ಮುಂದಿನ ಗಾಲಿ ಒಳಗೆ ಹೋದರೆ ಹಿಂದಿನದು ಜಪ್ಪಯ್ಯ ಅಂದರೂ ಹೋಗುತ್ತಿರಲಿಲ್ಲ. ರೈಟಮ್ಮ ಅಕ್ಕನನ್ನು ಎತ್ತಿ ಸ್ಟೂಲಿನ ಮೇಲೆ ಕೂರಿಸಿ, ತಾನು ಅರ್ಧ ಒಳಗೆ ಅರ್ಧ ಹೊರಗೆ ನಿಂತು ನೀರು ಹಾಕಬೇಕು. ಕದ ಮುಚ್ಚುವ ಮಾತೇ ಇಲ್ಲ. ಒಂದು ಹಳೇ ಬೆಡ್‌ಶೀಟು ಕಟ್ಟಿದ್ದರು, ಅದೂ ಗಾಳಿಗೆ ಹಾರುತ್ತಿತ್ತು. ಪಕ್ಕದ ಮನೆಯವರು "ಇದ್ದೀರಾ?" ಎಂದು ಒಳಗೆ ಕಾಲಿಟ್ಟರೆ ಅಕ್ಕ ಎರಡು ಕೈಯಲ್ಲೂ ಮೈ ಮುಚ್ಚಿಕೊಂಡು ಮುದುಡಿ ಕೂರುವಳು. ಒಂದು ದಿನವೂ ದೂರಿದವಳಲ್ಲ. ಆದರೆ ಸ್ವಂತ ಮನೆ ಕಟ್ಟುವುದೆಂದು ನಿಶ್ಚಯವಾದ ದಿನ, "ನಿನಗೇನು ಬೇಕು ಹೇಳು ಅಕ್ಕಾ, ಮೊದಲು ನಿಂದು" ಎಂದು ತಂಗಿ ಕೇಳಿದಾಗ ಥಟ್ಟನೆ ಉತ್ತರ ಬಂತು.

"ಬಾಗಿಲು ಹಾಕ್ಕೊಂಡು ಸ್ನಾನ ಮಾಡ್ಬೇಕು ಕಣೇ. ಒಬ್ಬಳೇ."

ಅಷ್ಟೇ ಕೇಳಿದ್ದು.

ಮನೆ ಎಂದರೆ ಅರಮನೆಯೇನಲ್ಲ. ಎರಡು ಕೋಣೆ, ಒಂದು ಅಡುಗೆಮನೆ, ನಡುವೆ ಓಣಿಯಂಥ ಜಾಗ, ಅದರ ಕೊನೆಗೆ ಬಚ್ಚಲು. ಆ ಬಚ್ಚಲನ್ನು ರೈಟಮ್ಮ ಇಂಜಿನಿಯರನನ್ನೂ ನಂಬದೆ ತಾನೇ ಅಳೆದಳು. ಅಂಗಳದಲ್ಲಿ ಅಕ್ಕನನ್ನು ಗಾಲಿಕುರ್ಚಿಯಲ್ಲಿ ಒಂದು ಸುತ್ತು ತಿರುಗಿಸಿ, ಸುತ್ತಲೂ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಆ ಗೆರೆಯನ್ನು ಟೇಪಿನಲ್ಲಿ ಹಿಡಿದು ಮೇಸ್ತ್ರಿಗೆ ಬರೆದುಕೊಟ್ಟಳು. ಬಾಗಿಲು ಮೂರಡಿ ಅಗಲ. ಕುರ್ಚಿಯಷ್ಟೇ ಎತ್ತರದ ಒಂದು ಕಟ್ಟೆ, ಪಕ್ಕದಲ್ಲೇ ಸರಿದು ಕೂರಲು. ಗೋಡೆಗೆ ಹಿಡಿದುಕೊಳ್ಳಲು ಎರಡು ಕಂಬಿ. ಅಕ್ಕನ ತೋಳಿಗೆ ಇಷ್ಟು ಸಿಕ್ಕಿದರೆ ಯಾರ ಹಂಗೂ ಬೇಡ. ಉಳಿದದ್ದು ಒಂದೇ, ಕದ ಹೊರಗಡೆಗೆ ತೆರೆಯಬೇಕು. ಒಳಗಡೆಗೆ ತೆರೆದರೆ ಕುರ್ಚಿ ಕದಕ್ಕೆ ಅಡ್ಡ ನಿಲ್ಲುತ್ತದೆ, ಮುಚ್ಚಲು ಬರುವುದಿಲ್ಲ. ಇದನ್ನು ಕಾಗದದಲ್ಲಿ ಬರೆಯದೆ, ಚೌಕಟ್ಟು ನಿಲ್ಲಿಸುವ ದಿನ ಎದುರಿಗೆ ನಿಂತೇ ತೋರಿಸಬೇಕೆಂದು ಅವಳು ಇಟ್ಟುಕೊಂಡಿದ್ದಳು. ಆ ಬಾಗಿಲ ಜಾಗವನ್ನು ಟೈಲ್ಸ್ ಕೆಲಸ ಮುಗಿಯುವ ತನಕ ಖಾಲಿ ಬಿಟ್ಟಿದ್ದರು.

ಟೈಲ್ಸ್ ಮುಗಿದ ವಾರವೇ ಜೊತೆಯ ಕಂಡಕ್ಟರ್ ಒಬ್ಬಳು ರಜೆ ಹಾಕಿದಳು, ರೈಟಮ್ಮನಿಗೆ ಎರಡೆರಡು ಪಾಳಿ ಬಿತ್ತು. ಸೋಮವಾರ ಬಸ್ ನಿಲ್ದಾಣದಿಂದ ಮೇಸ್ತ್ರಿಗೆ ಫೋನು ಮಾಡಿದಳು. ಹಿಂದೆ ನಾಲ್ಕು ಬಸ್ಸುಗಳ ಇಂಜಿನ್ನು ಗುಡುಗುಡು ಅನ್ನುತ್ತಿತ್ತು.

"ಮೇಸ್ತ್ರೀ, ಕೇಳ್ತಿದೆಯಾ? ನಾನು ಗುರುವಾರ ಬರ್ತೀನಿ. ಅಲ್ಲೀತನಕ ಬಚ್ಚಲ ಬಾಗಿಲು ಹಾಕ್ಬೇಡಿ! ತಿಳೀತಾ? ಹಾಕ್ಬೇಡಿ!"

"ಆಯ್ತು ಮೇಡಂ, ಹಾಕಲ್ಲ," ಅಂದ ಮೇಸ್ತ್ರಿ. ಖಂಡಿತವಾಗಿ ಅಂದ. ಇದರಲ್ಲಿ ಎರಡು ಮಾತಿಲ್ಲ.

ಗುರುವಾರ ಮಧ್ಯಾಹ್ನ ಪಾಳಿ ಮುಗಿಸಿ, ಯೂನಿಫಾರಂನಲ್ಲೇ ಅವಳು ಕಟ್ಟಡಕ್ಕೆ ಬಂದಾಗ ಮೇಸ್ತ್ರಿ ಮುಖ ಅರಳಿಸಿಕೊಂಡು ಎದುರು ಬಂದ.

"ಬನ್ನಿ ಮೇಡಂ, ಬನ್ನಿ. ಎಲ್ಲ ನೀವು ಹೇಳಿದ ಹಾಗೇ ಇದೆ."

ಬಚ್ಚಲಿಗೆ ಚೌಕಟ್ಟು ಕೂತಿತ್ತು. ಎರಡೂ ಪಕ್ಕ ಸಿಮೆಂಟು ಮೆತ್ತಿ ಒಣಗಿಯೂ ಆಗಿತ್ತು. ಕದವೂ ಕೂತಿತ್ತು. ಅದನ್ನು ಒಳಗಡೆಗೆ ಪೂರ್ತಿ ತೆರೆದು, ಗಾಳಿಗೆ ಮುಚ್ಚಿಕೊಳ್ಳದಂತೆ ಒಂದು ಇಟ್ಟಿಗೆ ಒತ್ತಿಟ್ಟಿದ್ದ. ಕದಕ್ಕೆ ಗೀರು ಬೀಳಬಾರದೆಂದು ನಡುವೆ ಬಟ್ಟೆ ಬೇರೆ ಮಡಿಸಿಟ್ಟಿದ್ದ, ಪುಣ್ಯಾತ್ಮ.

"ಇದೇನ್ರೀ ಇದು?"

"ಬಾಗಿಲು, ಮೇಡಂ."

"ಬಾಗಿಲು ಅಂತ ನನ್ನ ಕಣ್ಣಿಗೂ ಕಾಣುತ್ತೆ. ಹಾಕ್ಬೇಡಿ ಅಂತ ಹೇಳಿದ್ನೋ ಇಲ್ವೋ?"

"ಹೇಳಿದ್ರಿ. ಅದಕ್ಕೇ ಹಾಕಿಲ್ಲ. ಒಳಗೆ ಹಸಿ ಆರ್ಬೇಕಲ್ಲ, ನೀವು ಹೇಳಿದ್ದು ಸರಿಯಾಗೇ ಇತ್ತು. ಮೂರು ದಿನದಿಂದ ಒಂದೇ ಒಂದು ಸಲ ಹಾಕಿಲ್ಲ. ನಾಯಿ ನುಗ್ಗುತ್ತೆ ಅಂತ ಆಳುಗಳು ಹಾಕಕ್ಕೆ ಹೋದ್ರು, ಬೈದೆ. ಮೇಡಂ ಬರೋತನಕ ಮುಟ್ಟಿದ್ರೆ ನೋಡಿ ಅಂದೆ."

ರೈಟಮ್ಮ ಚೌಕಟ್ಟನ್ನು ಅಂಗೈಯಿಂದ ಬಡಿದು ತೋರಿಸಿದಳು.

"ಹಾಕಿದೀರಲ್ರೀ!"

"ಎಲ್ಲಿ ಹಾಕಿದೀನಿ? ತೆಗೆದೇ ಇದೆಯಲ್ಲ!"

"ಅಯ್ಯೋ ನಿಮ್ಮ! ಮೊದಲು ಇದನ್ನ ತೆಗೀರಿ!"

ಮೇಸ್ತ್ರಿ ಬಾಗಿಲನ್ನು ನೋಡಿದ, ಅವಳನ್ನು ನೋಡಿದ. "ಇನ್ನೆಷ್ಟು ತೆಗೀಲಿ ಮೇಡಂ? ಗೋಡೆಗೆ ತಾಗ್ತಿದೆ," ಅಂದ.

ಇಬ್ಬರಿಗೂ ಇದು ಅರ್ಥವಾಗುವಷ್ಟರಲ್ಲಿ ಒಂದು ಲೋಟ ಚಹಾ ತಣ್ಣಗಾಗಿತ್ತು. ಅವಳು ಹೇಳಿದ್ದು ಬಾಗಿಲನ್ನು ಗೋಡೆಗೆ ಕೂರಿಸಬೇಡಿ ಎಂದು. ಅವನಿಗೆ ಅರ್ಥವಾದದ್ದು ಕೂರಿಸಿದ ಬಾಗಿಲನ್ನು ಮುಚ್ಚಬೇಡಿ ಎಂದು. ಹೇಳಿದ ಮಾತನ್ನು ಚಾಚೂ ತಪ್ಪದೆ ನಡೆಸಿಕೊಟ್ಟವನನ್ನು ಬೈಯುವುದಾದರೂ ಹೇಗೆ?

"ಹೋಗ್ಲಿ, ಒಳಗಡೆ ಯಾಕ್ರೀ ತೆರೆಯೋ ಹಾಗೆ ಕೂರಿಸಿದ್ರಿ?"

"ಬಚ್ಚಲ ಬಾಗಿಲು ಎಲ್ಲೂ ಒಳಗಡೇನೇ, ಮೇಡಂ. ಕದದ ನೀರು ಒಳಗೇ ಬೀಳ್ಲಿ ಅಂತ. ಯಾವ ಕಡೆ ಅಂತ ಬಡಗಿ ಕೇಳ್ದ. ಬಚ್ಚಲಿಗೆ ಯಾರಾದ್ರೂ ಯಾವ ಕಡೆ ಅಂತ ಕೇಳ್ತಾರೇನಯ್ಯ ಅಂದೆ."

ಮನೆಗೆ ಬಂದು ಅಕ್ಕನಿಗೆ ಹೇಳಿದರೆ, ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಡಿಲಿನಲ್ಲಿದ್ದ ಪ್ರೂಫ್ ಹಾಳೆಗಳು ನೆಲಕ್ಕೆ ಜಾರಿದವು.

"ಇನ್ನೆಷ್ಟು ತೆಗೀಲಿ ಅಂದ್ನಾ? ಪಾಪ, ಅವನ ತಪ್ಪೇನಿದೆ? ದೀಪ ಹಾಕು, ಅಂಗಿ ಹಾಕು, ಸಹಿ ಹಾಕು, ಸಕ್ಕರೆ ಹಾಕು, ಬಾಗಿಲು ಹಾಕು. ಒಂದೇ ಮಾತು, ದಿನಕ್ಕೆ ನೂರು ಕೆಲಸ. ಕೂರಿಸ್ಬೇಡಿ ಅಂದಿದ್ರೆ ಮುಗೀತಿತ್ತಲ್ಲೇ ಪುಟ್ಟೀ."

ರೈಟಮ್ಮನಿಗೆ ಐವತ್ತಾರು ವರ್ಷ. ಪುಟ್ಟಿ ಅನ್ನುವವರಲ್ಲಿ ಈಗ ಪ್ರಪಂಚದಲ್ಲಿ ಅಕ್ಕ ಒಬ್ಬಳೇ ಉಳಿದಿದ್ದಳು.

ನಗು ನಿಂತ ಮೇಲೆ ಅಕ್ಕ ಮೆಲ್ಲಗೆ ಕೇಳಿದಳು. "ಯಾವ ಕಡೆಗೆ ತೆರೆಯುತ್ತೆ?"

"ಒಳಗಡೆಗೆ."

"ಹೋ." ಕೆಂಪು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. "ಕಿತ್ತರೆ ಟೈಲ್ಸ್ ಒಡೆಯುತ್ತೆ ಅಲ್ವಾ? ಹೋಗ್ಲಿ ಬಿಡು. ಪರದೆ ಕಟ್ಟೋಣ. ಅಭ್ಯಾಸ ಆಗಿದೆ."

ಆ 'ಅಭ್ಯಾಸ ಆಗಿದೆ' ರೈಟಮ್ಮನ ಎದೆಗೆ ನಾಟಿತು. ಬೈದಿದ್ದರೆ ಸಹಿಸುತ್ತಿದ್ದಳು, ಅತ್ತಿದ್ದರೂ ಸಹಿಸುತ್ತಿದ್ದಳು.

"ಪರದೆಯಂತೆ ಪರದೆ! ನಾಳೆ ನೀನೂ ಬರ್ತೀಯ ನನ್ನ ಜೊತೆ. ಅದು ಹೇಗೆ ಬದಲಾಗಲ್ವೋ ನಾನೂ ನೋಡ್ತೀನಿ."

ಮರುದಿನ ಅವಳು ಬೆಳಗಿನ ಪಾಳಿ ಬದಲಾಯಿಸಿಕೊಂಡು, ಅಕ್ಕನನ್ನೂ ಗಾಲಿಕುರ್ಚಿಯನ್ನೂ ಗಾಡಿಗೆ ಹತ್ತಿಸಿಕೊಂಡು ಕಟ್ಟಡಕ್ಕೆ ಬಂದಳು. ಮೇಸ್ತ್ರಿ ಅಕ್ಕನಿಗೆ ನಮಸ್ಕಾರ ಹಾಕಿದ. ಒಳ್ಳೆಯ ಮನುಷ್ಯ, ಕೆಲಸದಲ್ಲಿ ಕಳ್ಳತನ ಇಲ್ಲ. ಆದರೆ ಕೂರಿಸಿದ್ದನ್ನು ಕೀಳುವುದೆಂದರೆ ಯಾವ ಮೇಸ್ತ್ರಿಗಾದರೂ ಹಲ್ಲು ಕಿತ್ತ ಹಾಗೆ ಆಗುತ್ತದೆ. ಚೌಕಟ್ಟಿನಲ್ಲಿ ಕದ ಬಂದು ಕೂರುವ ಮೆಟ್ಟನ್ನು ಒಳಮುಖಕ್ಕೆ ಕೊರೆದಿದೆ. ಬರೀ ಕೀಲು ಬದಲಾಯಿಸಿದರೆ ಸಾಲದು, ಇಡೀ ಚೌಕಟ್ಟನ್ನೇ ಕಿತ್ತು ತಿರುಗಿಸಬೇಕು. ಗೋಡೆ ಬಿಡಿಸಬೇಕು, ಅಂಚಿನ ಟೈಲ್ಸ್ ಹೋಗುತ್ತದೆ. ಎಲ್ಲವನ್ನೂ ಒಂದೊಂದಾಗಿ ಹೇಳಿ, ಕೊನೆಗೆ ದನಿ ತಗ್ಗಿಸಿ ಇನ್ನೊಂದು ಮಾತು ಅಂದ.

"ಅಲ್ಲ ಮೇಡಂ, ಅಕ್ಕಾವ್ರಿಗೆ ಹೇಗಿದ್ರೂ ಜೊತೆಗೆ ನೀವು ಇದ್ದೇ ಇರ್ತೀರಲ್ಲ. ಬಾಗಿಲು ಹಾಕೋ ಅಗತ್ಯವೇ ಬರಲ್ವಲ್ಲ?"

ರೈಟಮ್ಮನ ಮೂಗಿನ ತುದಿಗೆ ಕೋಪ ಬಂತು. ಬಾಯಿ ತೆರೆಯುವುದರೊಳಗೆ ಅಕ್ಕ ಅವಳ ಕೈ ಹಿಡಿದಳು. ತೋಳೂರಿ ಬಚ್ಚಲ ಹೊರಗೆ ಪೇರಿಸಿದ್ದ ಸಿಮೆಂಟು ಚೀಲಗಳ ಮೇಲೆ ಸರಿದು ಕೂತು, ಖಾಲಿ ಗಾಲಿಕುರ್ಚಿಯನ್ನು ಮೇಸ್ತ್ರಿಯ ಕಡೆ ತಳ್ಳಿದಳು.

"ಕೂತ್ಕೊಳ್ಳಿ ಮೇಸ್ತ್ರೀ."

"ನಾನಾ?"

"ನೀವೇ. ಕೂತು ಒಳಗೆ ಹೋಗಿ, ಬಾಗಿಲು ಹಾಕ್ಕೊಳ್ಳಿ. ಕಾಲು ನೆಲಕ್ಕೆ ತಾಗಿಸಬಾರದು, ಅಷ್ಟೆ. ಹಾಕ್ಕೊಂಡು ತೋರಿಸಿದ್ರೆ ನಾವು ಮಾತಾಡದೆ ಹೋಗಿಬಿಡ್ತೀವಿ."

ಆಳುಗಳೆಲ್ಲ ಕೆಲಸ ಬಿಟ್ಟು ನಿಂತರು. ದಪ್ಪನೆಯ ಮೇಸ್ತ್ರಿ ಸಂಕೋಚದಿಂದ ಕುರ್ಚಿಯಲ್ಲಿ ಕೂತು, ಗಾಲಿ ತಳ್ಳಿಕೊಂಡು ಒಳಗೆ ಹೋದ. ಕದ ಎಳೆದ, ಗಾಲಿಗೆ ಬಡಿಯಿತು. ಮುಂದೆ ಸರಿದ, ಮೊಣಕಾಲು ಗೋಡೆಗೆ ತಾಗಿತು, ಕದ ಮತ್ತೆ ಗಾಲಿಗೇ ಬಡಿಯಿತು. ಪಕ್ಕಕ್ಕೆ ತಿರುಗಿಸಿದ, ಈಗ ಕದಕ್ಕೂ ಗೋಡೆಗೂ ನಡುವೆ ತಾನೇ ಸಿಕ್ಕಿಕೊಂಡ. ಒಂದು ಮೂಲೆಯಲ್ಲಿ ಆಳೊಬ್ಬ ಕಿಸಕ್ಕನೆ ನಕ್ಕ. ಮೇಸ್ತ್ರಿ ಕತ್ತೆತ್ತಿ ನೋಡಿದರೆ, ಕದ ಹಾರುಹೊಡೆದಿತ್ತು, ಹೊರಗೆ ಆರು ಜನ ನಿಂತು ಅವನನ್ನೇ ನೋಡುತ್ತಿದ್ದರು. ಬಟ್ಟೆ ತೊಟ್ಟು ಕೂತವನೇ ನಾಚಿ ಕೆಂಪಾದ.

ಎದ್ದು ಹೊರಗೆ ಬಂದು, ಹೆಗಲ ಟವೆಲಿನಲ್ಲಿ ಕತ್ತು ಒರೆಸಿಕೊಂಡ. ಅಕ್ಕನ ಮುಖ ನೋಡಲಿಲ್ಲ.

"ತೆಗೀತೀನಮ್ಮ," ಅಂದ. ತಕ್ಷಣ ತಿದ್ದಿಕೊಂಡ. "ಅಂದ್ರೆ, ಕಿತ್ತು ತೆಗೀತೀನಿ. ತಿರುಗಿಸಿ ಕೂರಿಸ್ತೀನಿ. ಟೈಲ್ಸ್ ಚಿಂತೆ ನನಗೆ ಬಿಡಿ."

ಬಡಗಿ ಬಂದ. ಮಾತಿಗೆ ಬರ ಬಂದಂಥ ಮನುಷ್ಯ. ಎರಡು ದಿನ ಅವನೂ ಮೇಸ್ತ್ರಿಯೂ ಸೇರಿ ಗೋಡೆ ಬಿಡಿಸಿ, ಚೌಕಟ್ಟು ತಿರುಗಿಸಿ, ಕದ ಹೊರಗಡೆಗೆ ತೆರೆದು ಗೋಡೆಗೆ ಒರಗುವ ಹಾಗೆ ಕೂರಿಸಿದರು. ಗಾಲಿ ಉರುಳಲೆಂದು ಹೊಸ್ತಿಲನ್ನೂ ತೆಗೆದು, ನೀರು ಹೊರಗೆ ಬರದಂತೆ ನೆಲವನ್ನು ಒಳಕ್ಕೆ ಇಳಿಜಾರು ಮಾಡಿದರು. ಮೂರನೆಯ ದಿನ ಅಕ್ಕತಂಗಿಯರು ನೋಡಲು ಹೋದಾಗ ಬಡಗಿ ಕೈಯಲ್ಲಿ ಹಿತ್ತಾಳೆಯ ಚಿಲಕ ಹಿಡಿದು ಕಾಯುತ್ತಿದ್ದ.

"ಒಳಗಡೆ ಚಿಲಕ ಎಷ್ಟು ಎತ್ತರಕ್ಕೆ?"

"ಒಳಗಡೆ ಚಿಲಕ ಬೇಡ," ಅಂದಳು ರೈಟಮ್ಮ.

"ಬೇಕು," ಅಂದಳು ಅಕ್ಕ.

ಬಡಗಿ ಇಬ್ಬರನ್ನೂ ನೋಡಿ, ಚಿಲಕ ಕೆಳಗಿಟ್ಟು, ಗೋಡೆಗೆ ಒರಗಿ ನಿಂತ.

"ಅಕ್ಕಾ, ಹುಚ್ಚೇನೇ ನಿನಗೆ? ಒಳಗೆ ಜಾರಿ ಬಿದ್ರೆ? ಚಿಲಕ ಹಾಕ್ಕೊಂಡ್ರೆ ನಾನು ಒಳಗೆ ಬರೋದು ಹೇಗೆ?"

"ಚಿಲಕ ಇಲ್ಲದ ಬಾಗಿಲಿಗೂ ಪರದೆಗೂ ಏನೇ ವ್ಯತ್ಯಾಸ?"

"ನಾನೇನು ಸುಮ್ಮಸುಮ್ಮನೆ ನುಗ್ತೀನಾ?"

"ನುಗ್ತೀಯ," ಅಂದಳು ಅಕ್ಕ. "ಐದು ನಿಮಿಷಕ್ಕೊಮ್ಮೆ ಆಯ್ತಾ ಆಯ್ತಾ ಅಂತ ತಲೆ ಹಾಕ್ತೀಯ. ನಿನ್ನ ನಾನು ಕಂಡಿಲ್ವಾ? ಬಿದ್ರೆ ಕೂಗ್ತೀನಿ. ಕಾಲಿಲ್ಲದಿದ್ರೂ ಬಾಯಿ ಇದೆ ನನಗೆ."

ಮೇಸ್ತ್ರಿಯ ಮುಂದೆ ಅಷ್ಟು ಜೋರಾಗಿದ್ದ ರೈಟಮ್ಮ ಇಲ್ಲಿ ಇಂಗು ತಿಂದ ಮಂಗನ ಹಾಗೆ ನಿಂತಳು. ಮೇಸ್ತ್ರಿ ಹೇಳಿದ್ದೂ ಇದನ್ನೇ ಅಲ್ಲವೇ? ಜೊತೆಗೆ ನೀವು ಇದ್ದೇ ಇರ್ತೀರಲ್ಲ. ಅವನ ಮೇಲೆ ಕೋಪಗೊಂಡಿದ್ದ ತಾನೇ ಈಗ ಅದೇ ಮಾತನ್ನು ಬೇರೆ ಬಾಯಲ್ಲಿ ಆಡುತ್ತಿದ್ದಳು. ನಿಜ ಹೇಳಬೇಕೆಂದರೆ ಅವಳಿಗೆ ಹೆದರಿಕೆಯಾಗಿತ್ತು. ಅಕ್ಕ ಬಿದ್ದಾಳೆಂಬ ಹೆದರಿಕೆ ಒಂದು. ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ಅಕ್ಕನ ಬೆನ್ನು ಉಜ್ಜಿದ ತನ್ನ ಕೈಗೆ ಇನ್ನು ಕೆಲಸವಿಲ್ಲವಲ್ಲ ಎಂಬುದು ಇನ್ನೊಂದು. ಎರಡನೆಯದನ್ನು ಯಾರ ಮುಂದೆಯೂ ಒಪ್ಪಿಕೊಳ್ಳುವವಳಲ್ಲ.

ಆಗ ಬಡಗಿ ಕೆಮ್ಮಿದ.

"ಈಗ ಕೀಲೆಲ್ಲ ಹೊರಗಡೆ ಬಂದಿವೆ," ಅಂದ. ಹತ್ತಿರ ಹೋಗಿ, ಕೀಲಿನ ನಡುವಿನ ಕಡ್ಡಿಯನ್ನು ಬೆರಳಲ್ಲಿ ಮುಟ್ಟಿ ತೋರಿಸಿದ. "ಈ ಕಡ್ಡಿ ಅಡಿಯಿಂದ ಸ್ಕ್ರೂಡ್ರೈವರಲ್ಲಿ ಮೇಲಕ್ಕೆ ಗುದ್ದಿದ್ರೆ ಬರುತ್ತೆ. ಮೂರು ಕಡ್ಡಿ ತೆಗೆದ್ರೆ, ಒಳಗೆ ಚಿಲಕ ಹಾಕಿದ್ರೂ ಕದ ಕೈಗೆ ಬರುತ್ತೆ. ಒಂದು ನಿಮಿಷದ ಕೆಲಸ. ಮೊದಲಿನ ಹಾಗೆ ಇದ್ದಿದ್ರೆ ಆಗ್ತಿರ್ಲಿಲ್ಲ."

ಅವನು ಆ ತಿಂಗಳಲ್ಲಿ ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. ರೈಟಮ್ಮ ತಾನೇ ಒಮ್ಮೆ ಕಡ್ಡಿ ಎತ್ತಿ ನೋಡಿದಳು. ಎರಡನೆಯ ಸಲವೂ ಎತ್ತಿ ನೋಡಿದಳು. ಆಮೇಲೆ ಅಕ್ಕನ ಕುರ್ಚಿಯನ್ನು ಒಳಗೆ ತಳ್ಳಿ, "ಕೈ ಚಾಚು, ಎಲ್ಲಿಗೆ ಎಟುಕುತ್ತೆ ನೋಡೋಣ" ಅಂದಳು. ಅಕ್ಕ ಚಾಚಿದಳು. ಬೆರಳು ತಾಗಿದ ಕಡೆ ಬಡಗಿ ಪೆನ್ಸಿಲಿನಲ್ಲಿ ಗುರುತು ಹಾಕಿದ.

"ರೈಟ್," ಅಂದಳು ರೈಟಮ್ಮ. ಆ ದಿನ ಅವಳ ದನಿ ಪಕ್ಕದ ಕೋಣೆಗೂ ಕೇಳಿಸಲಿಲ್ಲ.

ಹೊಸ ಮನೆಗೆ ಬಂದ ಮರುದಿನ ಭಾನುವಾರ. ರೈಟಮ್ಮನಿಗೆ ರಜೆ. ಅಕ್ಕ ಟವೆಲು ಮಡಿಲಲ್ಲಿಟ್ಟುಕೊಂಡು ಕುರ್ಚಿ ತಳ್ಳಿಕೊಂಡು ಹೋದಳು. ಕದ ಮುಚ್ಚಿತು. ಚಿಲಕ ಟಕ್ ಅಂತು.

ಹತ್ತು ನಿಮಿಷವಾಯಿತು. ರೈಟಮ್ಮ ಸ್ಕ್ರೂಡ್ರೈವರ್ ಹುಡುಕಿ ಕೈಯಲ್ಲಿ ಹಿಡಿದುಕೊಂಡಳು. ಇಪ್ಪತ್ತು ನಿಮಿಷವಾಯಿತು. ಬಾಗಿಲ ಹತ್ತಿರ ಹೋಗಿ ಕಿವಿಗೊಟ್ಟಳು. ನೀರು ಬೀಳುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬೀಳುತ್ತಿತ್ತು. ನಡುವೆ ಅಕ್ಕ ಯಾವುದೋ ರಾಗ ಎಳೆಯುತ್ತಿದ್ದಳು, ಶ್ರುತಿ ಎಲ್ಲೋ, ಅವಳೆಲ್ಲೋ. ಕದ ತಟ್ಟಲು ಎತ್ತಿದ ಕೈ ಹಾಗೇ ನಿಂತಿತು. ಅಮ್ಮ ಇದ್ದ ಕಾಲ ನೆನಪಾಯಿತು. ಆಗ ಅಕ್ಕನಿಗೆ ಹದಿನೆಂಟು. ಬಚ್ಚಲಿಗೆ ಹೋದಳೆಂದರೆ ಒಂದು ಗಂಟೆ. ಅಮ್ಮ ಬಾಗಿಲು ಬಡಿದು ಬಡಿದು, "ಊರಿನ ನೀರೆಲ್ಲ ನಿನಗೇ ಬೇಕಾ, ಬಾರೇ ಹೊರಗೆ" ಎಂದು ಕೂಗುತ್ತಿದ್ದಳು. ಇದೆಲ್ಲ ಹೇಗೆ ಮರೆತುಹೋಯಿತು ತನಗೆ?

ಹನ್ನೊಂದು ವರ್ಷ ತಾನು ಈ ಅಕ್ಕನಿಗೆ ಹತ್ತೇ ನಿಮಿಷದಲ್ಲಿ ಸ್ನಾನ ಮುಗಿಸಿದ್ದಳು. ಎತ್ತಿ ಕೂರಿಸಿ, ನಾಲ್ಕು ಚೊಂಬು ನೀರು ಹುಯ್ದು, ಉಜ್ಜಿ, ಒರೆಸಿ, ಸೀರೆ ಸುತ್ತಿ. ಚೆನ್ನಾಗಿ ನೋಡಿಕೊಂಡೆ ಎಂಬ ಹೆಮ್ಮೆ ಬೇರೆ. ರೈಟಮ್ಮ ಸ್ಕ್ರೂಡ್ರೈವರನ್ನು ಕಪಾಟಿನಲ್ಲಿಟ್ಟು, ಅಡುಗೆಮನೆಗೆ ಹೋಗಿ ಕೂತಳು. ಅಳು ಬಂತು, ಅತ್ತಳು. ಜೊತೆಗೆ ಹೇಳಲಾರದಷ್ಟು ಖುಷಿಯೂ ಆಗಿತ್ತು.

ಐವತ್ತು ನಿಮಿಷದ ಮೇಲೆ ಚಿಲಕ ಸರಿಯಿತು. ಅಕ್ಕ ಹೊರಗೆ ಬಂದಳು. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಮುಖ ತೊಳೆದಿಟ್ಟ ಹಣ್ಣಿನಂತೆ ಹೊಳೆಯುತ್ತಿತ್ತು. ಎರಡೂ ಕೈ ಮುಂದೆ ಚಾಚಿ, "ನೋಡೇ, ಬೆರಳೆಲ್ಲ ಹೇಗೆ ಸುಕ್ಕಾಗಿದೆ" ಎಂದು ತೋರಿಸಿದಳು.

"ಇಷ್ಟು ಹೊತ್ತು ಏನು ಮಾಡ್ತಿದ್ದೆ ಅಕ್ಕಾ?"

"ಸ್ನಾನ. ನನಗೆ ಸ್ನಾನಕ್ಕೆ ಇಷ್ಟು ಹೊತ್ತು ಬೇಕು ಕಣೇ. ಮೊದಲಿಂದಲೂ."

"ಮತ್ತೆ ಹನ್ನೊಂದು ವರ್ಷ ಒಂದು ಮಾತೂ ಹೇಳ್ಲಿಲ್ವಲ್ಲೇ?"

ಅಕ್ಕ ಟವೆಲಿನಿಂದ ಕೂದಲು ಒರೆಸಿಕೊಳ್ಳುತ್ತಾ ತಂಗಿಯನ್ನು ನೋಡಿ ನಕ್ಕಳು.

"ನಿನಗೆ ಬಸ್ಸಿಗೆ ಹೊತ್ತಾಗ್ತಿತ್ತಲ್ಲ ಪುಟ್ಟೀ," ಅಂದಳು.